ಇಳಿಸಿದ ಕಟ್ಟೆ

ಬಡಗಿ ತನ್ನ ಮನೆಯ ಅಡುಗೆ ಕಟ್ಟೆಯನ್ನು ಒಡೆಸಿದ್ದು ಹೆಂಡತಿ ಅಕ್ಕನ ಮನೆಗೆ ಹೋಗಿದ್ದಾಗ. ಅವಳಿಗೆ ಗೊತ್ತಾಗಬಾರದೆಂದೇ ಅವಳನ್ನು ಅಲ್ಲಿಗೆ ಕಳಿಸಿದ್ದ. ಕಂಡವರ ಅಡುಗೆಮನೆಗೆಲ್ಲ ಕಪಾಟು ಕೂರಿಸಿ ಕೈ ಪಳಗಿದವನು. ಸ್ವಂತ ಮನೆಯಲ್ಲಿ ಮಾತ್ರ ಇಷ್ಟು ವರ್ಷ ಒಂದು ಬಾಗಿಲೂ ನೆಟ್ಟಗೆ ಮುಚ್ಚುತ್ತಿರಲಿಲ್ಲ. ಈ ಸಲ ಅದೇನು ಹುಮ್ಮಸ್ಸು ಬಂತೋ, ತನ್ನ ಜೊತೆ ಕೆಲಸ ಮಾಡುವ ಗಾರೆಯವನನ್ನು ಕರೆತಂದು, ಕಲ್ಲಿನ ಚಪ್ಪಡಿ ಎಬ್ಬಿಸಿ, ಕೆಳಗಿನ ಗೋಡೆ ಕೆಡವಿ, ಇಡೀ ಕಟ್ಟೆಯನ್ನು ನಿಂತವರ ತೊಡೆಯ ಮಟ್ಟಕ್ಕೆ ಇಳಿಸಿಬಿಟ್ಟ. ಗಾಲಿಕುರ್ಚಿ ನುಗ್ಗಲಿ ಎಂದು ಅಡಿಯಲ್ಲಿ ಜಾಗ ಖಾಲಿ ಬಿಟ್ಟ.

ಹೆಂಡತಿಯ ಬೆನ್ನುಹುರಿಗೆ ಪೆಟ್ಟಾಗಿ ಎರಡು ವರ್ಷವಾಗಿತ್ತು. ಒಣಗಿದ ಬಟ್ಟೆಯ ರಾಶಿ ಹೊತ್ತು ತಾರಸಿಯ ಮೆಟ್ಟಿಲು ಇಳಿಯುವಾಗ ಜಾರಿದಳು. ಅಲ್ಲಿಂದಾಚೆಗೆ ಸೊಂಟದ ಕೆಳಗೆ ಬಿಸಿ ತಣ್ಣಗೆ ಯಾವುದೂ ತಿಳಿಯದು. ಅದಕ್ಕೂ ಮುಂಚೆ ಪೇಟೆ ಬೀದಿಯ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು. ಈಗ ಮನೆಯ ಅಡುಗೆಯೆಲ್ಲ ಅತ್ತೆಯ ತಲೆಯ ಮೇಲೆ. ಅತ್ತೆಗೆ ಸೊಂಟನೋವು. ಬಗ್ಗಿದರೆ ಏಳಲಾಗದು, ಕೂತರೆ ಕಾಲು ಹಿಡಿದುಕೊಳ್ಳುತ್ತದೆ. ಹಳೆಯ ಕಟ್ಟೆಗೆ ಮೊಣಕೈ ಊರಿಕೊಂಡು ನಿಂತರೆ ಮಾತ್ರ ಹೇಗೋ ನಾಲ್ಕು ಹೊತ್ತಿನ ಕೆಲಸ ನೀಗುತ್ತಿತ್ತು. ಆ ಕಟ್ಟೆಯನ್ನೇ ಮಗ ಒಡೆಸುವಾಗ ಆಕೆ ನಡುಮನೆಯಲ್ಲಿ ಕೂತು, ಬಾಯಿಗೆ ಸೆರಗು ಹಿಡಿದು, ಧೂಳು ಕುಡಿಯುತ್ತಾ ನೋಡುತ್ತಿದ್ದಳು.

"ನನಗೊಂದು ಮಾತು ಹೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿನಗೆ?"

"ಹೇಳಿದ್ರೆ ಬೇಡ ಅಂತಿದ್ದೆ."

"ಬೇಡ ಅಂತಾನೇ ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ಸುಮ್ನಿರಮ್ಮ, ಇನ್ನು ನೀನು ಕೂತು ತಿನ್ನೋ ಕಾಲ."

ಸೊಸೆ ವಾಪಸು ಬಂದ ಸಂಜೆ ಬಡಗಿ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದಿದ್ದ. ಹೈಸ್ಕೂಲಿಗೆ ಹೋಗುವ ಮಗಳು ಕುರ್ಚಿ ತಳ್ಳಿಕೊಂಡು ಬಂದಳು. ಮಾತಿಗೆ ಮಾತು ಹಚ್ಚುತ್ತಾಳೆಂದು ಅವಳನ್ನು ಮನೆಯಲ್ಲಿ ಎಲ್ಲರೂ ಲಾಯರ್ ಎಂದೇ ಕರೆಯುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಬಡಗಿ ಕೈ ಚಾಚಿ, "ನೋಡು" ಅಂದ.

ಸೊಸೆ ನೋಡಿದಳು. ಹೊಸ ಗಾರೆಯ ವಾಸನೆ ಇನ್ನೂ ಹೋಗಿರಲಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಕ್ಕೆ ಬೈಯುವುದಾದರೂ ಹೇಗೆ? "ಯಾವಾಗ ಮಾಡಿಸಿದ್ರೀ?" ಅಂದಳು, ಅಷ್ಟೆ.

"ಹತ್ರ ಹೋಗು. ನುಗ್ಗು ಒಳಗೆ."

ಅವಳು ಗಾಲಿ ಉರುಳಿಸಿದಳು. ಕಟ್ಟೆಯ ಅಂಚು ಬಂದು ತೊಡೆಗೆ ತಾಗಿತು. ಹಿಂದೆ ಸರಿದು ಇನ್ನೊಮ್ಮೆ ನುಗ್ಗಿದಳು, ಮತ್ತೆ ತಾಗಿತು. ಪಾದ ಒಳಗೆ ಹೋದವು, ತೊಡೆ ಹೋಗಲಿಲ್ಲ.

"ಅಳತೆ ಸರಿಯಾಗೇ ತಗೊಂಡಿದ್ದೆನಲ್ಲ! ಆ ಕುರ್ಚಿ ಮೇಲೆ ನಾನೇ ಕೂತು ಅಳೆದಿದ್ದೆ," ಎಂದು ಬಡಗಿ ಬಗ್ಗಿ ಅಡಿಗೆ ಇಣುಕಿದ.

"ಯಾವಾಗ ಕೂತಿದ್ದೆ?" ಲಾಯರ್ ಕೇಳಿದಳು.

"ಆವತ್ತು, ನಿಮ್ಮಮ್ಮ ಮಂಚದ ಮೇಲೆ ಕಾಲಿನ ವ್ಯಾಯಾಮ ಮಾಡ್ತಿದ್ದಾಗ."

"ಆವತ್ತು ದಿಂಬು ತೊಳೆದು ಬಿಸಿಲಿಗೆ ಹಾಕಿದ್ವಿ ಅಪ್ಪ."

ಎಲ್ಲರೂ ಕುರ್ಚಿಯ ಕಡೆ ನೋಡಿದರು. ಹುಣ್ಣಾಗದಿರಲೆಂದು ಆಸ್ಪತ್ರೆಯವರು ಕೊಟ್ಟ ದಪ್ಪ ದಿಂಬು ಸೊಸೆಯ ಕೆಳಗಿತ್ತು. ನಾಲ್ಕು ಬೆರಳು ಎತ್ತರದ್ದು. ಅದಿಲ್ಲದೆ ಅವಳು ಆ ಕುರ್ಚಿಯಲ್ಲಿ ಒಂದು ಗಳಿಗೆಯೂ ಕೂರುವಂತಿಲ್ಲ. ಬಡಗಿಗೆ ಅದು ಗೊತ್ತಿಲ್ಲದ್ದೇನಲ್ಲ; ದಿನಾ ಬೆಳಗ್ಗೆ ಅವಳನ್ನು ಎತ್ತಿ ಅದರ ಮೇಲೆ ಕೂರಿಸುವವನೇ ಅವನು.

"ತಂತಿ ಮೇಲೆ ಒಣಗ್ತಿದ್ದಿದ್ದು ನೀನೂ ನೋಡಿದ್ಯಲ್ಲಮ್ಮ, ಹೇಳ್ಬಾರ್ದಿತ್ತಾ?" ಎಂದು ಅವನು ತಾಯಿಯ ಮೇಲೆ ತಿರುಗಿದ.

"ನನ್ನನ್ನ ಯಾರು ಕೇಳಿದ್ರು? ಕಟ್ಟೆ ಒಡೆಯೋವಾಗ್ಲೂ ಕೇಳ್ಲಿಲ್ಲ, ಅಳೆಯೋವಾಗ್ಲೂ ಕೇಳ್ಲಿಲ್ಲ."

"ಮುಂದಿನ ಭಾನುವಾರ ಸರಿ ಮಾಡಿಬಿಡ್ತೀನಿ," ಅಂದ ಬಡಗಿ. ಆ ಭಾನುವಾರ ಬಂತು, ಹೋಯಿತು. ಒಂದು ದೊಡ್ಡ ಮನೆಯ ಕೆಲಸ ಹಿಡಿದಿದ್ದ, ಗೃಹಪ್ರವೇಶಕ್ಕೆ ಮುಂಚೆ ಕಪಾಟೆಲ್ಲ ಮುಗಿಸಬೇಕಿತ್ತು. ಗಾರೆಯವನು ಸಿಕ್ಕಿದಾಗ ಇವನಿಗೆ ಬಿಡುವಿಲ್ಲ, ಇವನಿಗೆ ಬಿಡುವಾದಾಗ ಅವನು ನಾಪತ್ತೆ.

ಹೀಗಾಗಿ ಆ ಮನೆಯಲ್ಲಿ ಯಾರಿಗೂ ಒದಗದ ಒಂದು ಅಡುಗೆಮನೆ ತಯಾರಾಯಿತು. ಅತ್ತೆ ಬಗ್ಗಿ ಬಗ್ಗಿ ಅನ್ನ ಬಸಿದು, ಸೊಂಟ ಹಿಡಿದುಕೊಂಡು, ಗೋಡೆಗೆ ಒರಗಿ ಉಸಿರುಬಿಡುವಳು. ಸೊಸೆ ಕುರ್ಚಿಯನ್ನು ಅಡ್ಡಲಾಗಿ ನಿಲ್ಲಿಸಿ, ಮೈಯನ್ನು ಒಂದು ಪಕ್ಕಕ್ಕೆ ತಿರುಚಿ ತರಕಾರಿ ಹೆಚ್ಚುವಳು. ಅರ್ಧ ಗಂಟೆಗೆ ಹೆಗಲು ಬಿದ್ದುಹೋಗುತ್ತಿತ್ತು. ನಡುವೆ ಲಾಯರ್ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಒಲೆ ಮುಂದೆ ಸ್ಟೂಲು ಎಳೆದು ಕೂರುವಳು.

"ಉರಿ ಸಣ್ಣ ಮಾಡೇ," ಅಂತ ಅತ್ತೆ.

"ಬೇಡ, ಇನ್ನೂ ಕುದಿ ಬಂದಿಲ್ಲ," ಅಂತ ಸೊಸೆ.

"ಇಬ್ಬರಲ್ಲಿ ಒಬ್ರು ಹೇಳಿ. ನನಗೇನು ನಾಲ್ಕು ಕಿವಿ ಇದ್ಯಾ?" ಎಂದು ಲಾಯರ್ ಸೌಟು ಕೆಳಗಿಟ್ಟು ಏಳುವಳು. ಎಷ್ಟೋ ದಿನ ಬರೀ ಬ್ರೆಡ್ಡು ಚಹಾದಲ್ಲೇ ಬೆಳಗು ಮುಗಿಯುತ್ತಿತ್ತು. ಬಡಗಿಯ ಬುತ್ತಿಯಲ್ಲೂ ಅದೇ ಬ್ರೆಡ್ಡು. ಅವನು ಚಕಾರ ಎತ್ತುವ ಹಾಗಿರಲಿಲ್ಲ.

ಆದರೆ ಸೊಸೆಯ ಸಂಕಟ ಬೇರೆಯೇ ಇತ್ತು. ಅಕ್ಕನ ಮನೆಯಲ್ಲಿದ್ದಾಗಲೇ ಅವಳಿಗೆ ಕನ್ನಡಕದಂಗಡಿಯ ಯಜಮಾನರ ಫೋನು ಬಂದಿತ್ತು. ಅವಳ ಜಾಗಕ್ಕೆ ಬಂದ ಹುಡುಗಿ ಮದುವೆಯಾಗಿ ಹೊರಟಿದ್ದಳು. "ಗಾಜು ಉಜ್ಜೋಕೆ ಕೈ ಸಾಕಲ್ಲಮ್ಮ, ಬರ್ತೀರಾ? ತಿಂಗಳ ಕೊನೆವರೆಗೆ ನೋಡ್ತೀನಿ, ಆಮೇಲೆ ಬೇರೆಯವರನ್ನ ಹುಡುಕ್ಬೇಕಾಗುತ್ತೆ," ಅಂದಿದ್ದರು. ದಾರಿಯುದ್ದಕ್ಕೂ ಈ ಮಾತನ್ನು ಗಂಡನಿಗೆ ಹೇಗೆ ಹೇಳಲಿ ಎಂದು ಜೋಡಿಸಿಕೊಳ್ಳುತ್ತಾ ಬಂದವಳಿಗೆ ಬಾಗಿಲಲ್ಲೇ ಕಟ್ಟೆ ಎದುರಾಗಿತ್ತು. ಹೇಳುವುದು ಅಲ್ಲಿಗೇ ನಿಂತಿತು. ತೊಡೆ ತಾಗಿ ನಿಂತ ಆ ಗಳಿಗೆಯಲ್ಲಿ ಅವಳಿಗೆ ಒಳಗೊಳಗೇ ಸಮಾಧಾನವೇ ಆಗಿತ್ತು. ಅದಕ್ಕೆ ನಾಚಿಕೆಯೂ ಆಯಿತು.

ಅವಳಿಗೆ ಅಡುಗೆ ಎಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಅಂಗಡಿ ಎಂದರೆ ಪ್ರಾಣ. ಮುದುಕರೊಬ್ಬರು ಹೊಸ ಕನ್ನಡಕ ಏರಿಸಿ, ಎದುರಂಗಡಿಯ ಬೋರ್ಡನ್ನು ಅಕ್ಷರಕ್ಷರ ಓದಿ, ತಿರುಗಿ ಅವಳನ್ನು ನೋಡುವ ಆ ನೋಟಕ್ಕೆ ಅವಳು ಎರಡು ವರ್ಷದಿಂದ ಹಂಬಲಿಸಿದ್ದಳು. ವಿಷಯ ಮಗಳಿಗೆ ಮಾತ್ರ ಹೇಳಿದ್ದಳು. ಅದೇ ತಪ್ಪಾಯಿತು. ಲಾಯರ್ ಹೊಟ್ಟೆಯಲ್ಲಿ ಅನ್ನ ನಿಂತೀತು, ಮಾತು ನಿಲ್ಲದು.

ಒಂದು ಸಂಜೆ ಊಟಕ್ಕೆ ಕೂತಾಗ ಬಡಗಿ ಅಂದ, "ಗಾರೆಯವನು ಶನಿವಾರ ಬರ್ತಾನೆ. ಕಟ್ಟೆ ನಾಲ್ಕು ಬೆರಳು ಎತ್ತಿಸ್ತೀನಿ. ಆಮೇಲೆ ಅಮ್ಮ ಒಂದಷ್ಟು ದಿನ ಅಣ್ಣನ ಮನೇಲಿ ಇದ್ದು ಸುಧಾರಿಸ್ಕೊಳ್ಳಲಿ. ಅವನಿಗೂ ಹೇಳಿದ್ದೀನಿ."

ಅತ್ತೆಯ ಕೈಯ ತುತ್ತು ತಟ್ಟೆಗೆ ವಾಪಸಾಯಿತು. "ನನ್ನ ಸಾಗಹಾಕೋಕಾ ಕಟ್ಟೆ ಇಳಿಸಿದ್ದು?"

"ಸಾಗಹಾಕೋದೇನಮ್ಮ? ನಿನ್ನ ಸೊಂಟಕ್ಕೆ ಒಳ್ಳೇದಾಗ್ಲಿ ಅಂತ. ಇವಳೂ ಎಷ್ಟು ದಿನ ಸುಮ್ನೆ ಕೂತಿರ್ತಾಳೆ? ಅಡುಗೆಮನೆ ಅಂತ ಒಂದು ಆದ್ರೆ ಅವಳಿಗೂ ಹೊತ್ತು ಹೋಗುತ್ತೆ."

"ಅಮ್ಮನಿಗೆ ಅಂಗಡಿಯಿಂದ ಫೋನ್ ಬಂದಿದೆ," ಲಾಯರ್ ಅಂದಳು. "ತಿಂಗಳ ಕೊನೆಯೊಳಗೆ ಹೇಳ್ಬೇಕಂತೆ."

ಸೊಸೆ ಮಗಳನ್ನು ದುರುಗುಟ್ಟಿ ನೋಡಿದಳು. ಇನ್ನು ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. "ಹೌದು ರೀ. ನಾನು ಹೋಗ್ಬೇಕು ಅಂತಿದ್ದೀನಿ."

"ಎಲ್ಲಿಗೆ?"

"ಕೆಲಸಕ್ಕೆ."

"ಮತ್ತೆ ಇಷ್ಟೆಲ್ಲ ಮಾಡಿಸಿದ್ದು ಯಾರಿಗೆ?"

ಬಡಗಿ ಅರ್ಧ ಊಟಕ್ಕೇ ಕೈ ತೊಳೆದುಕೊಂಡ. ಕೋಪಕ್ಕಿಂತ ಹೆಚ್ಚಾಗಿ ಅವನಿಗೆ ನೋವಾಗಿತ್ತು. ಅದನ್ನು ಕೋಪದ ಹಾಗೆ ತೋರಿಸುವುದಷ್ಟೇ ಅವನಿಗೆ ಬರುತ್ತಿತ್ತು.

ಶನಿವಾರ ಗಾರೆಯವನು ಬರಲಿಲ್ಲ. ಆ ಮಧ್ಯಾಹ್ನ ಅತ್ತೆ ನೋವು ತಾಳದೆ ಮಲಗಿದ್ದಳು. ಸೊಸೆ ಒಬ್ಬಳೇ ಬೇಳೆ ಬೇಯಿಸಿದಳು. ಬೆಂದ ಪಾತ್ರೆಯನ್ನು ಊಟದ ಮೇಜಿನವರೆಗೆ ಒಯ್ಯಬೇಕಿತ್ತು. ಗಾಲಿ ತಳ್ಳಲು ಎರಡೂ ಕೈ ಬೇಕು. ಮಡಿಸಿದ ಟವೆಲನ್ನು ತೊಡೆಯ ಮೇಲೆ ಹಾಕಿ, ಅದರ ಮೇಲೆ ಪಾತ್ರೆ ಇಟ್ಟುಕೊಂಡು ಹೋದಳು. ಹೊಸ್ತಿಲ ಬಳಿ ಕುರ್ಚಿ ಸ್ವಲ್ಪ ಕುಲುಕಿತು. ಟವೆಲಿನ ಅಂಚು ಒದ್ದೆಯಾದದ್ದು ಕಂಡಿತು. ಒಂಚೂರು ತುಳುಕಿರಬೇಕು ಎಂದುಕೊಂಡಳು. ಎಲ್ಲರೂ ಉಂಡರು. ಬೇಳೆ ಚೆನ್ನಾಗಿದೆ ಎಂದು ಅತ್ತೆಯೇ ಹೇಳಿದಳು.

ಸಂಜೆ ಬಟ್ಟೆ ಬದಲಾಯಿಸುವಾಗ ಲಾಯರ್ ಕಿರುಚಿದಳು. ತೊಡೆಯ ಮೇಲೆ ಅಂಗೈಯಗಲದ ಬೊಬ್ಬೆ ಎದ್ದಿತ್ತು. ಸೊಸೆ ಅದನ್ನು ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದಳು. ನೋವಿಲ್ಲ, ಉರಿಯಿಲ್ಲ. ಆಮೇಲೆ ಭಯವಾಯಿತು. ಕ್ಲಿನಿಕ್ಕಿನ ನರ್ಸಮ್ಮ ಪಟ್ಟಿ ಕಟ್ಟಿ, "ಮಾಯೋದು ನಿಧಾನ. ಒಣಗೋವರೆಗೆ ಹೊರಗೆಲ್ಲೂ ಹೋಗ್ಬೇಡಿ. ಕೀವಾದ್ರೆ ಆಸ್ಪತ್ರೆ ಸೇರ್ಬೇಕಾಗುತ್ತೆ," ಎಂದು ಗದರಿ ಕಳಿಸಿದಳು.

"ನೋಡಿದ್ಯಾ? ಮನೆಯೊಳಗೇ ಹೀಗೆ. ಇನ್ನು ಅಂಗಡಿ, ರಸ್ತೆ ಅಂದ್ರೆ?" ಬಡಗಿ ಅಂದ.

"ಅಂಗಡೀಲಿ ಯಾರೂ ನನ್ನ ತೊಡೆ ಮೇಲೆ ಬಿಸಿ ಪಾತ್ರೆ ಇಡಲ್ಲ ರೀ."

"ಮಾತಿಗೇನು ಕಮ್ಮಿ ಇಲ್ಲ. ದಾರೀಲಿ ಯಾವನಾದ್ರೂ ಗುದ್ದಿದ್ರೆ? ಅಲ್ಲಿ ನಳಿಕೆ ಹಾಕ್ಕೊಳ್ಳೋಕೆ ಎಲ್ಲಿ ಹೋಗ್ತೀಯ? ಅದನ್ನ ಯೋಚನೆ ಮಾಡಿದ್ದೀಯಾ?"

ಮಾಡಿದ್ದಳು. ಮೂರು ನಾಲ್ಕು ಗಂಟೆಗೊಮ್ಮೆ ತಾನೇ ನಳಿಕೆ ಹಾಕಿ ಮೂತ್ರ ತೆಗೆದುಕೊಳ್ಳಬೇಕು. ಅದಕ್ಕೊಂದು ಮರೆ ಬೇಕು, ನೀರು ಬೇಕು, ಕುರ್ಚಿ ತಿರುಗುವಷ್ಟು ಜಾಗ ಬೇಕು. ಅಂಗಡಿಯ ಹಿಂದಿನ ಪಾಯಿಖಾನೆಯ ಬಾಗಿಲು ಎಷ್ಟು ಅಗಲವಿತ್ತು ಎಂದು ಅವಳು ಮಲಗಿದಲ್ಲೇ ನೆನಪು ಮಾಡಿಕೊಳ್ಳುತ್ತಿದ್ದಳು. ಕಾಲಿದ್ದಾಗ ಬಾಗಿಲಿನ ಅಗಲವನ್ನು ಯಾರು ಗಮನಿಸುತ್ತಾರೆ?

"ಅವಳನ್ನ ಕಳಿಸೋ," ಅಂದಳು ಅತ್ತೆ ಮಂಚದಿಂದಲೇ. "ನನ್ನ ಕಟ್ಟೆ ನನಗೆ ಮೊದಲಿನ ಹಾಗೆ ಎತ್ತಿಸಿಕೊಡು."

"ಇಳಿಸು ಅಂದ್ರೆ ಇಳಿಸೋಕೆ, ಏರಿಸು ಅಂದ್ರೆ ಏರಿಸೋಕೆ ಅದೇನು ಆಟದ ಸಾಮಾನಾ?"

"ಇಳಿಸು ಅಂತ ಯಾರೂ ಅನ್ನಲೇ ಇಲ್ಲ ಅಪ್ಪ," ಅಂದಳು ಲಾಯರ್.

ಬಡಗಿ ಬಾಗಿಲ ಬಳಿ ಕೂತು ಚಪ್ಪಲಿ ಮೆಟ್ಟಿದ, ಮತ್ತೆ ಬಿಚ್ಚಿದ. ಹೋಗುವುದಕ್ಕೆ ಎಲ್ಲೂ ಜಾಗವಿರಲಿಲ್ಲ.

"ನನಗೂ ಸಾಕಾಗಿದೆ ಕಣೇ," ಅಂದ ಕೊನೆಗೆ ಹೆಂಡತಿಗೆ. "ಬೆಳಗ್ಗೆ ನಿನ್ನ ಎತ್ತಿ ಕೂರಿಸ್ಬೇಕು, ಕೆಲಸಕ್ಕೆ ಓಡ್ಬೇಕು, ಅಲ್ಲಿ ಗರಗಸ ಹಿಡ್ಕೊಂಡಿದ್ರೂ ನಿನ್ನ ಬೆನ್ನಲ್ಲಿ ಹುಣ್ಣಾಯ್ತೇನೋ, ಅಮ್ಮ ಬಿದ್ಲೇನೋ ಅಂತ ಇದೇ ಯೋಚನೆ. ಒಂದು ಕಡೆಯಾದ್ರೂ, ಇದೊಂದು ಮುಗೀತಪ್ಪ ಅಂತ ಆಗ್ಲಿ ಅನ್ನಿಸ್ತು. ಅದಕ್ಕೆ ಮಾಡಿದೆ."

"ನನಗೆ ಗೊತ್ತು ರೀ. ಆದ್ರೆ ಆ ಮುಗಿಯೋದ್ರಲ್ಲಿ ನಾನೂ ಮುಗಿದುಹೋಗ್ತೀನಿ."

ಅವಳ ಕಣ್ಣಲ್ಲಿ ನೀರು ಬಂತು. ಅವನು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಆವತ್ತು ಅಷ್ಟಕ್ಕೇ ನಿಂತಿತು.

ಗಾಯ ಒಣಗುವ ಹೊತ್ತಿಗೆ ತಿಂಗಳು ಮುಗಿದೇಹೋಗಿತ್ತು. ಇನ್ನೊಂದು ವಾರ ಕಾಯಿರಿ ಎಂದು ಸೊಸೆ ಯಜಮಾನರಿಗೆ ಫೋನಿನಲ್ಲಿ ಕೇಳಿಕೊಂಡಳು. "ಒಂದು ವಾರ ಅಂದ್ರೆ ಒಂದೇ ವಾರ ಅಮ್ಮ, ಗಿರಾಕಿಗಳು ಬೈತಿದ್ದಾರೆ," ಅಂದರು. ಬಡಗಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಬೆಳಗ್ಗೆ ಅವಳನ್ನು ಕೂರಿಸಿ ಸುಮ್ಮನೆ ಹೋಗಿಬಿಡುತ್ತಿದ್ದ. ಮೂರನೆಯ ದಿನ ಅತ್ತೆ ಬೆಳಗ್ಗೆಯೇ ತಲೆ ಬಾಚಿಕೊಂಡು, "ನಡಿ, ನೋಡ್ಕೊಂಡು ಬರೋಣ," ಅಂದಳು.

"ನೀವಾ? ಸೊಂಟ?"

"ಕುರ್ಚಿ ಹಿಡ್ಕೊಂಡ್ರೆ ನನಗೂ ನಡೆಯೋಕೆ ಆಧಾರ. ನಡಿ."

ನಿಜಕ್ಕೂ ಆಕೆ ಕುರ್ಚಿಯ ಹಿಡಿಗಳ ಮೇಲೆ ಭಾರ ಬಿಟ್ಟು ಮನೆಯಲ್ಲಿ ನಡೆಯುವುದಕ್ಕಿಂತ ನೆಟ್ಟಗೆ ನಡೆದಳು. ಫುಟ್‌ಪಾತಿನ ಚಪ್ಪಡಿಗಳು ಎದ್ದಿದ್ದರಿಂದ ರಸ್ತೆಗೇ ಇಳಿಯಬೇಕಾಯಿತು. ಹಿಂದಿನಿಂದ ಹಾರ್ನ್ ಹೊಡೆದವನಿಗೆ ಅತ್ತೆ, "ಹಾರ್ಕೊಂಡು ಹೋಗಪ್ಪ ಮೇಲಿಂದ!" ಎಂದು ಕೂಗಿದಳು. ಸೊಸೆಗೆ ನಗು ಬಂತು. ಬೀದಿಯಲ್ಲಿ ನಕ್ಕು ಎಷ್ಟು ಕಾಲವಾಗಿತ್ತು!

ಅಂಗಡಿಗೆ ಒಂದು ಮೆಟ್ಟಿಲು. ಯಜಮಾನರು ಹೊರಗೆ ಬಂದರು, ಸಂತೋಷಪಟ್ಟರು, ಗಲಿಬಿಲಿಗೊಂಡರು. "ಪಕ್ಕದಂಗಡಿಯವರನ್ನ ಕೂಗ್ತೀನಿ. ನಾಲ್ಕು ಜನ ಹಿಡಿದ್ರೆ ಎತ್ತಿಬಿಡಬಹುದು."

"ದಿನಾ ಎತ್ತುತ್ತೀರಾ ಸಾರ್? ನಾನೇನು ಮೂಟೆನಾ? ಒಂದು ಹಲಗೆ ಹಾಕಿಸಿದ್ರೆ ನಾನೇ ಬರ್ತೀನಿ."

ಆವತ್ತಿಗೆ ಎತ್ತಿಯೇ ಒಳಗೆ ಒಯ್ದರು. ಉಜ್ಜುವ ಯಂತ್ರದ ಮೇಜು ಅವಳಿಗೆ ಸರಿಹೊಂದಿತು. ಹಿಂದಿನ ಪಾಯಿಖಾನೆಯ ಬಾಗಿಲಲ್ಲಿ ಮಾತ್ರ ಗಾಲಿ ಸಿಕ್ಕಿಕೊಂಡಿತು. ಎರಡೇ ಬೆರಳಿನಷ್ಟು ಅಗಲ ಕಮ್ಮಿ. ಸೊಸೆಯ ಮುಖ ಬಾಡಿತು. ಯಜಮಾನರು ಕೈ ಹಿಸುಕಿಕೊಂಡು, "ಗೋಡೆ ಒಡೆಯೋಕೆ ಕಟ್ಟಡದವರು ಬಿಡಲ್ಲಮ್ಮ," ಅಂದರು.

ಅತ್ತೆ ಬಾಗಿಲನ್ನು ಹಿಂದೆ ಮುಂದೆ ಆಡಿಸಿ ನೋಡಿದಳು. ತೆರೆದಿಟ್ಟಾಗ ಅದರ ದಪ್ಪವೇ ಅಷ್ಟು ಜಾಗ ತಿನ್ನುತ್ತಿತ್ತು. "ಈ ಬಾಗಿಲು ಯಾಕೆ ಬೇಕು? ಕಿತ್ತು ಹಾಕಿ, ಪರದೆ ಕಟ್ಟಿ."

"ಬಾಗಿಲಿಲ್ದೆ ಹೇಗಮ್ಮ?"

"ನೀವು ಒಳಗೆ ಹೋದಾಗ ಹಾಡ್ತಾ ಇರಿ, ಯಾರೂ ಬರಲ್ಲ."

ಯಜಮಾನರು ಕೆಂಪಗಾದರು, ಒಪ್ಪಿದರು.

ಆ ಸಂಜೆ ಅತ್ತೆ ಮಗನ ಮುಂದೆ ಚಹಾ ಇಟ್ಟು ಹೇಳಿದಳು. "ಒಂದು ಹಲಗೆ ಬೇಕು, ಒಂದು ಬಾಗಿಲು ಕೀಳ್ಬೇಕು. ನೀನು ಮಾಡ್ತೀಯೋ, ಬೇರೆ ಬಡಗಿನ ಹುಡುಕ್ಲೋ?"

"ನನ್ನ ಹೆಂಡತಿಗೆ ಬೇರೆಯವನು ಹಲಗೆ ಹಾಕೋದಾ?" ಎಂದು ಬಡಗಿ ಉರಿದುಬಿದ್ದ. ಆಮೇಲೆ ಚಹಾ ಕುಡಿದ. ರಜೆ ಕೇಳಿದರೆ ಮೇಸ್ತ್ರಿ ಏನನ್ನುತ್ತಾನೋ ಎಂದು ಗೊಣಗಿದ. ಭಾನುವಾರ ಹೆಂಡತಿಯನ್ನೂ ಕರೆದುಕೊಂಡೇ ಅಂಗಡಿಗೆ ಹೋದ. ಹಲಗೆಯ ಇಳಿಜಾರನ್ನು ಅವಳಿಂದಲೇ ಹತ್ತಿಸಿ, ಇಳಿಸಿ, "ಕಡಿದಾಯ್ತಾ?" ಎಂದು ಕೇಳಿ, ಅವಳು ಹೂಂ ಎಂದಾಗ ಬೈದುಕೊಂಡು ಉದ್ದ ಮಾಡಿದ. ಪಾಯಿಖಾನೆಯ ಬಾಗಿಲನ್ನೂ ಕಿತ್ತು ಪರದೆ ಕಟ್ಟಿದ. ಅದರ ಮುಂದಿನ ಭಾನುವಾರ ಮನೆಯ ಕಟ್ಟೆ ಮತ್ತೆ ಮೇಲೇರಿತು. ಗಾರೆಯವನು ಹೋಗುವಾಗ, "ಇನ್ನೊಂದ್ಸಲ ಇಳಿಸೋದಿದ್ರೆ ಬೇರೆಯವರನ್ನ ಕರೀರಿ ಅಣ್ಣ," ಎಂದು ಕೈ ಮುಗಿದ.

ಅಷ್ಟರಿಂದ ಯಾರ ಕಷ್ಟವೂ ನೀಗಲಿಲ್ಲ. ಅತ್ತೆಯ ಸೊಂಟ ಹಾಗೇ ಇತ್ತು, ಈಗ ಮನೆಯ ಕೆಲಸಕ್ಕೆ ತರಕಾರಿ ಹೆಚ್ಚುವ ಕೈಯೂ ಕಡಿಮೆಯಾಯಿತು. ಬಡಗಿ ಮೊದಲಿಗಿಂತ ಬೇಗ ಏಳಬೇಕಾಯಿತು. ಲಾಯರಿಗೆ ಪಾತ್ರೆ ತೊಳೆಯುವ ಪಾಳಿ ಬಂತು. ಅವಳ ವಾದ ಈ ಒಂದು ಕೇಸಿನಲ್ಲಿ ನಡೆಯಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನ ಸೊಸೆ ಸಂಜೆಗೇ ಬರುತ್ತೇನೆ ಎಂದು ಹೇಳಿ ಹೋಗಿದ್ದಳು. ಬಾಕಿ ಬಿದ್ದ ಕನ್ನಡಕಗಳು ರಾಶಿಯಿದ್ದವು. ಬರುವಾಗ ಬೀದಿ ದೀಪ ಹತ್ತಿ ಹೊತ್ತಾಗಿತ್ತು. ತಿರುವಿನವರೆಗೆ ಯಜಮಾನರು ಬಂದರು, ಅಲ್ಲಿಂದ ಅವಳೇ ತಳ್ಳಿಕೊಂಡು ಬಂದಳು. ಅಂಗೈ ಸುಲಿದಿತ್ತು. ಹೆಗಲು ಎತ್ತಲಾಗುತ್ತಿರಲಿಲ್ಲ. ದಿಂಬಿನ ಮೇಲಿಂದ ಮೈ ಎತ್ತಿ ಎತ್ತಿ ಕೂರಬೇಕೆಂಬುದನ್ನು ಕೆಲಸದ ಭರದಲ್ಲಿ ಎರಡು ಸಲ ಮರೆತಿದ್ದಳು. ಅದನ್ನು ಗಂಡನಿಗೆ ಹೇಳಬಾರದೆಂದು ನಿಶ್ಚಯಿಸಿದ್ದಳು.

ಮನೆಯಲ್ಲಿ ಯಾರೂ ಎದ್ದು ಬರಲಿಲ್ಲ. ಬಡಗಿ ಚಾಪೆಯ ಮೇಲೆ ಅಂಗಾತ ಬಿದ್ದಿದ್ದ. ಲಾಯರ್ ಸಿಂಕಿನ ಮುಂದೆ ಪಾತ್ರೆ ಕುಕ್ಕುತ್ತಿದ್ದಳು. ಅತ್ತೆ ಗೋಡೆಗೆ ಒರಗಿ ಕಾಲು ನೀವಿಕೊಳ್ಳುತ್ತಿದ್ದಳು.

"ಇಷ್ಟೊತ್ತಾ ಬರೋದು? ನಾವೆಲ್ಲ ಉಂಡಾಯ್ತು. ಎಷ್ಟೊತ್ತು ಅಂತ ಕಾಯೋದು? ಮೇಜಿನ ಮೇಲಿದೆ, ಹಾಕ್ಕೋ," ಅಂದಳು ಅತ್ತೆ.

ಸೊಸೆ ಕೈ ತೊಳೆದು, ತಾನೇ ಬಡಿಸಿಕೊಂಡಳು. ಅನ್ನ ಆರಿತ್ತು, ಬೇಳೆ ಗಟ್ಟಿಯಾಗಿತ್ತು. ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು. ಎರಡು ವರ್ಷದಿಂದ ಅತ್ತೆ ಏನು ಮಾಡಿ ಹಾಕಿದರೂ ಚೆನ್ನಾಗಿದೆ ಎಂದೇ ಹೇಳಿ ಉಂಡವಳು ಅವಳು. ಕೂತಲ್ಲಿಗೆ ತಂದುಕೊಟ್ಟದ್ದಕ್ಕೆ ಹೆಸರಿಡುವ ಧೈರ್ಯ ಅವಳಿಗೆ ಒಂದು ದಿನವೂ ಬಂದಿರಲಿಲ್ಲ.

"ಅತ್ತೆ, ಬೇಳೆಗೆ ಉಪ್ಪೇ ಹಾಕಿಲ್ಲ."

ಸಿಂಕಿನ ಮುಂದೆ ಸದ್ದು ನಿಂತಿತು. ಬಡಗಿ ಕಣ್ಣು ತೆರೆದ.

"ಎಲ್ಲರೂ ಅದನ್ನೇ ಉಂಡ್ರು. ನಿನಗೊಬ್ಬಳಿಗೇ ಕಮ್ಮಿ ಆಯ್ತಾ?" ಅತ್ತೆ ರೇಗಿದಳು.

"ಎಲ್ಲರೂ ಹೆದರ್ಕೊಂಡು ಉಂಡಿರ್ತಾರೆ. ಸಪ್ಪೆ ಅಂದ್ರೆ ಸಪ್ಪೆ."

"ಹಾಗಾದ್ರೆ ನೀನೇ ಬೇಗ ಬಂದು ಮಾಡ್ಬೇಕಿತ್ತು!"

"ನಾನು ಕೆಲಸಕ್ಕೆ ಹೋಗಿದ್ದೆ ಅತ್ತೆ."

"ಗೊತ್ತು, ಗೊತ್ತು. ಉಪ್ಪಿನ ಡಬ್ಬಿ ಕಟ್ಟೆ ಮೇಲಿದೆ."

ಡಬ್ಬಿ ಕಟ್ಟೆಯ ಒಳಮೂಲೆಯಲ್ಲಿತ್ತು. ಅವಳ ಕೈಗೆ ಎಟುಕುವಂಥದ್ದಲ್ಲ. ತಂದುಕೊಡಲು ಆ ಮನೆಯಲ್ಲಿ ಯಾರಿಗೂ ಏಳುವ ತ್ರಾಣ ಉಳಿದಿರಲಿಲ್ಲ, ಅವಳಿಗೂ ಕೇಳುವ ಮನಸ್ಸಾಗಲಿಲ್ಲ. ಬೇಳೆ ಸಪ್ಪೆ, ಅನ್ನ ತಣ್ಣಗೆ, ನಾಳೆಯಾದರೂ ನೆನಪಿಟ್ಟು ಹಾಕಿ ಎಂದು ಗೊಣಗುತ್ತಲೇ ಅವಳು ತಟ್ಟೆಯಲ್ಲಿದ್ದದ್ದನ್ನೆಲ್ಲ ಬಳಿದು ಉಂಡಳು.